ಹೂ ಮುಗಿದ ಗಿಡವನ್ನು ಕತ್ತರಿಸಿದರೆ ಸಾಯುತ್ತದೆಯೇ? ಸತ್ಯಾಂಶ ಇಲ್ಲಿದೆ

“ಮಲ್ಲಿಗೆ ಗಿಡಕ್ಕೆ ಕತ್ತರಿ ತಾಗಿಸಬೇಡಿ, ಮತ್ತೆ ಹೂ ಬಿಡುವುದಿಲ್ಲ” ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವೇ?

ಇಲ್ಲ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕೊಂಬೆಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳ ಬೆಳವಣಿಗೆಯನ್ನು ತಡೆದಿಡುತ್ತದೆ. ತುದಿ ಕತ್ತರಿಸಿದಾಗ ಆ ತಡೆ ಹೋಗಿ, ಪಕ್ಕದಿಂದ ಹಲವು ಚಿಗುರುಗಳು ಒಡೆಯುತ್ತವೆ. ಚಿಗುರು ಹೆಚ್ಚಾದಷ್ಟೂ ಹೂ ಹೆಚ್ಚು.

ಯಾವಾಗ, ಎಷ್ಟು ಕತ್ತರಿಸಬೇಕು?

• ದುಂಡು ಮಲ್ಲಿಗೆ: ನವೆಂಬರ್ ಕೊನೆಯ ವಾರ. ಬೆಳೆದ ಗಿಡವನ್ನು ನೆಲದಿಂದ 45–50 ಸೆಂ.ಮೀ. ಎತ್ತರಕ್ಕೆ ಸವರಬಹುದು.
• ಜಾಜಿ, ಸೂಜಿ ಮಲ್ಲಿಗೆ: ಜನವರಿ ಕೊನೆಯ ಭಾಗ.
• ಸೇವಂತಿಗೆ: ಹೂ ಮುಗಿದ ಮೇಲೆ ಗಿಡ ಒಣಗಿದಂತೆ ಕಂಡರೂ ಕೀಳಬೇಡಿ. ಕಾಂಡವನ್ನು 15–20 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಬುಡದಿಂದ ಹೊಸ ಕಂದುಗಳು ಬರುತ್ತವೆ.
• ಚೆಂಡು ಹೂ: ಇದು ಒಂದೇ ಹಂಗಾಮಿನ ಗಿಡ. ಕತ್ತರಿಸಿ ಕಾಯುವುದರಿಂದ ಲಾಭವಿಲ್ಲ. ಬೀಜ ತೆಗೆದಿಟ್ಟುಕೊಂಡು ಕಿತ್ತುಬಿಡಿ.

ಒಣಗಿದ ಮತ್ತು ರೋಗ ಬಂದ ರೆಂಬೆಗಳನ್ನು ಮೊದಲು ತೆಗೆಯಿರಿ. ಗೆಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಒಂದು ಗಿಡದ ರೋಗ ಇನ್ನೊಂದಕ್ಕೆ ದಾಟದಂತೆ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ.

ಕತ್ತರಿಸಿದ ಕಸ ಏನು ಮಾಡುವುದು?

ಹೆಚ್ಚಿನವರು ಎಡವುವುದು ಇಲ್ಲಿ. ಕಸವನ್ನು ರಾಶಿ ಹಾಕಿ ಬೆಂಕಿ ಹಚ್ಚುವುದು ಸಾಮಾನ್ಯ. ಆದರೆ ಆ ರಾಶಿಯಲ್ಲಿ ಕಣಗಿಲೆ ಇದ್ದರೆ ಅಪಾಯ. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಅದರಲ್ಲಿರುವ ಒಲಿಯಾಂಡ್ರಿನ್ ಎಂಬ ಅಂಶ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ, ಸುಟ್ಟರೆ ಹೊಗೆಯೂ ಹಾನಿಕರ. ರಸ್ತೆ ಬದಿಗೆ ಎಸೆದರೆ ದನ, ಆಡುಗಳು ತಿಂದು ಸಾಯಬಹುದು.

ಆದ್ದರಿಂದ ಕಣಗಿಲೆಯನ್ನು ಕೈಗವಸು ಹಾಕಿಕೊಂಡು ಕತ್ತರಿಸಿ, ಚೀಲದಲ್ಲಿ ಕಟ್ಟಿ, ತೋಟದ ಕಸ ಸಂಗ್ರಹಿಸುವವರಿಗೆ ವಿಷಯ ತಿಳಿಸಿ ಕೊಡಿ. ಉಳಿದ ಗಿಡಗಳ ಆರೋಗ್ಯವಾದ ಎಲೆ, ರೆಂಬೆಗಳನ್ನು ಸಣ್ಣಗೆ ತುಂಡರಿಸಿ ಗೊಬ್ಬರದ ಗುಂಡಿಗೆ ಹಾಕಿ. ರೋಗ ಬಂದದ್ದನ್ನು ಮಾತ್ರ ಅದಕ್ಕೆ ಸೇರಿಸಬೇಡಿ.

ಯಾರಾದರೂ ಕಣಗಿಲೆ ತಿಂದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ತೀರ್ಮಾನ: ಸರಿಯಾದ ಸಮಯದಲ್ಲಿ ಸವರಿದರೆ ಮಲ್ಲಿಗೆ ಸಾಯುವುದಿಲ್ಲ, ಇನ್ನಷ್ಟು ಹೂ ಕೊಡುತ್ತದೆ. ಎಚ್ಚರ ಬೇಕಿರುವುದು ಕತ್ತರಿಸಿದ ಕಸದ ಬಗ್ಗೆ.