ಆಪ್ತಸಮಾಲೋಚನೆಗೆ, ಹಿಪ್ನೋಥೆರಪಿಗೆ ಹೋಗುವ ಮುನ್ನ: ಗಡಿಭಾಗದ ಸದಸ್ಯರಿಗೆ ಒಂದಿಷ್ಟು ಮಾಹಿತಿ

ಸಂಘದ ಕಚೇರಿಗೆ ಬರುವ ವಿಚಾರಣೆಗಳೆಂದರೆ ಕನ್ನಡ ಶಾಲೆಯ ದಾಖಲಾತಿ, ಗಡಿನಾಡ ಕನ್ನಡಿಗರ ಪ್ರಮಾಣಪತ್ರ, ನಾಡಹಬ್ಬದ ಚಂದಾ. ಈಚೆಗೆ ಇನ್ನೊಂದು ಸೇರಿದೆ, ದನಿ ತಗ್ಗಿಸಿ ಕೇಳುವಂಥದು: "ಮಗನನ್ನು ಕೌನ್ಸೆಲಿಂಗಿಗೆ ಕರಕೊಂಡು ಹೋಗಿ ಅಂದಿದ್ದಾರೆ, ಅಲ್ಲಿ ಏನು ಮಾಡುತ್ತಾರೆ?" "ಹಿಪ್ನೋಥೆರಪಿ ಅಂದರೆ ವಶೀಕರಣವೇ?" ನಾವು ವೈದ್ಯರಲ್ಲ, ಆಯುಷ್ಯವೆಲ್ಲ ಕಡತ ನೋಡಿದ ಗುಮಾಸ್ತರು. ಆದರೂ ವಿಚಾರಿಸಿ ತಿಳಿದದ್ದನ್ನೂ ಕಣ್ಣಾರೆ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಆಪ್ತಸಮಾಲೋಚನೆಯ ಒಂದು ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ತಾಸು. ಮೊದಲ ಭೇಟಿಯೆಲ್ಲ ಬಹುತೇಕ ಪ್ರಶ್ನೆಗಳಲ್ಲೇ ಮುಗಿಯುತ್ತದೆ: ನಿದ್ರೆ ಹೇಗಿದೆ, ಊಟ ಸೇರುತ್ತದೆಯೇ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಇದೆಯೇ, ಯಾವ ಮಾತ್ರೆ ನಡೆದಿದೆ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಈ ತೊಂದರೆ ಯಾವಾಗ ಶುರುವಾಯಿತು. "ಉಪಾಯ ಹೇಳಲೇ ಇಲ್ಲ, ಬರೀ ಕೇಳಿದರು" ಎಂದು ನಮ್ಮವರು ಬೇಸರಪಟ್ಟು ಎರಡನೇ ಸಲ ಹೋಗುವುದೇ ಇಲ್ಲ. ಅಲ್ಲೇ ತಪ್ಪುವುದು. ಹಿರಿಯರು ಬುದ್ಧಿ ಹೇಳಿದಂತೆ ಹೇಳುವುದು ಅವರ ಕೆಲಸವಲ್ಲ. ನಮ್ಮ ಮಾತಿನಿಂದಲೇ ನಮ್ಮ ಗಂಟು ನಾವು ಬಿಡಿಸಿಕೊಳ್ಳುವಂತೆ ಮಾಡುವುದು ಅವರ ಕೆಲಸ. ವಾರಕ್ಕೊಂದರಂತೆ ಕೆಲವು ಭೇಟಿ ಬೇಕಾಗುತ್ತದೆ. ನಡುವೆ ದಿನಚರಿ ಬರೆಯುವುದು, ಉಸಿರಾಟದ ಅಭ್ಯಾಸ ಇಂಥ ಮನೆಗೆಲಸವನ್ನೂ ಕೊಡುತ್ತಾರೆ. ಒಂದೊಂದು ಭೇಟಿಯಾದ ಮೇಲೆ ಮನಸ್ಸು ಹಗುರಾಗುವ ಬದಲು ಭಾರವಾಗುವುದೂ ಉಂಟು. ಅದನ್ನೂ ಮುಂದಿನ ಸಲ ಹೇಳಬೇಕು.

ಈಗ ಗಡಿಯಲ್ಲಿರುವ ನಮ್ಮದೇ ತೊಡಕು, ಭಾಷೆ. ಬ್ಯಾಂಕಿನಲ್ಲಿ, ತಹಸೀಲ್ ಕಚೇರಿಯಲ್ಲಿ ನಾವು ಮರಾಠಿಯಲ್ಲೋ ಮಲಯಾಳದಲ್ಲೋ ತಮಿಳು, ತೆಲುಗಿನಲ್ಲೋ ಸಲೀಸಾಗಿ ಮಾತಾಡುತ್ತೇವೆ. ಆದರೆ ಸಂಕಟ ಬರುವುದು ಮನೆಮಾತಿನಲ್ಲಿ. ಕೆಲ ವರ್ಷಗಳ ಹಿಂದೆ ಸೊಲ್ಲಾಪುರ ಸೀಮೆಯ ಒಬ್ಬ ವಿಧವೆ ತಾಯಿಗೆ ಮರಾಠಿ ಸಮಾಲೋಚಕರ ಮುಂದೆ ನಾವೇ ದುಭಾಷಿಯಾಗಿ ಕುಳಿತೆವು. ಆಕೆ "ಜೀವ ಬ್ಯಾಸರಾಗ್ಯದರಿ" ಎಂದರು. ನಾವು "ಕಂಟಾಳಾ ಆಲಾ" ಎಂದು ಹೇಳಿ ಕೈತೊಳೆದುಕೊಂಡೆವು. ಅಂದರೆ ಸುಮ್ಮನೆ ಬೇಜಾರು ಎಂದಷ್ಟೇ ಆಯಿತು. ಸಮಾಲೋಚಕರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಆಕೆ ಹೇಳಿದ್ದು ಬದುಕೇ ಬೇಡವಾಗಿದೆ ಎಂದು. ಮುಂದೆ ಕನ್ನಡ ಬಲ್ಲ ವೈದ್ಯೆಯೊಬ್ಬರು "ಯವ್ವಾ, ಬ್ಯಾಸರ ಅಂದರ ಎಂಥಾ ಬ್ಯಾಸರ?" ಎಂದು ಮತ್ತೊಮ್ಮೆ ಕೇಳಿದಾಗಲೇ ಅದು ಹೊರಬಿತ್ತು. ದೇವರು ದೊಡ್ಡವನು, ಆಕೆ ಈಗ ಚೆನ್ನಾಗಿದ್ದಾರೆ. ತಪ್ಪು ಮರಾಠಿಯದಲ್ಲ, ಸಮಾಲೋಚಕರದೂ ಅಲ್ಲ, ನಮ್ಮದು. ಇನ್ನೊಂದನ್ನೂ ಆಕೆ ಆಮೇಲೆ ಹೇಳಿದರು: ನೆರೆಯವರಾದ ನಮ್ಮ ಎದುರು ಸೊಸೆಯ ವಿಷಯ ಎತ್ತಲು ನಾಚಿಕೆಯಾಗಿತ್ತಂತೆ. ಕಾಸರಗೋಡಿನ ಕಡೆ "ಮಂಡೆಬಿಸಿ" ಎಂದರೆ ಚಿಂತೆ. ಪದಕ್ಕೆ ಪದ ಇಟ್ಟು ಹೇಳಿದರೆ ಜ್ವರದ ಮಾತ್ರೆ ಬರೆದಾರು.

ಆದ್ದರಿಂದ ಮೊದಲ ಭೇಟಿಗೆ ಮುನ್ನವೇ ಕನ್ನಡ ಬಲ್ಲವರು ಇದ್ದಾರೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಹೇಳಿದ್ದು ಗುಟ್ಟಾಗಿರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ರೋಗಿಯ ಅಥವಾ ಬೇರೆಯವರ ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅಗತ್ಯವಿದ್ದಷ್ಟನ್ನು ತಿಳಿಸಬಹುದು. ದುಭಾಷಿ ಬೇಕೇ ಬೇಕೆಂದಾದರೆ ಮನೆಯವರನ್ನೂ ನೆರೆಯವರನ್ನೂ ಕೂರಿಸಬೇಡಿ.

ಇನ್ನು ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ. ಸಿನಿಮಾದಲ್ಲಿ ಗಡಿಯಾರ ತೂಗಾಡಿಸುವುದನ್ನು ಮರೆತುಬಿಡಿ. 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ನಿದ್ರೆ ಎಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಹಿಪ್ನಾಟಿಸಂ ಎಂದು ಹೆಸರು ಕೊಟ್ಟ. ಅದು ನಿದ್ರೆಯಲ್ಲ ಎಂದು ಆಮೇಲೆ ಅವನಿಗೇ ಅನಿಸಿತು, ಹೆಸರು ಮಾತ್ರ ಉಳಿಯಿತು. ಕುರ್ಚಿಯಲ್ಲಿ ಒರಗಿಸಿ, ಉಸಿರು ನಿಧಾನ ಮಾಡಿಸಿ, ಎಣಿಸುತ್ತಲೋ ಮೆಟ್ಟಿಲಿಳಿಯುವಂತೆ ಕಲ್ಪಿಸಿಕೊಳ್ಳಲು ಹೇಳುತ್ತಲೋ ಗಮನವನ್ನು ಒಂದೆಡೆ ತರುತ್ತಾರೆ. ಆಗ ಭಯ, ನೋವು, ಚಟದ ಬಗ್ಗೆ ಸಲಹೆಯ ಮಾತು ಹೇಳಿ, ಮತ್ತೆ ಎಣಿಸಿ ಎಚ್ಚರಕ್ಕೆ ತರುತ್ತಾರೆ. ಹೊರಗಿನ ಸದ್ದು ಕೇಳುತ್ತಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಹೆಚ್ಚಿನವರಿಗೆ ನಡೆದದ್ದು ನೆನಪಿರುತ್ತದೆ. ಕೆಲವರಿಗೆ ಇದು ಹತ್ತುವುದೇ ಇಲ್ಲ, ಅದು ಅವರ ದೋಷವಲ್ಲ. ಇಡೀ ಚಿಕಿತ್ಸೆ ನಿಂತಿರುವುದೇ ಮಾತಿನ ಮೇಲೆ. ಅದನ್ನು ದುಭಾಷಿಯ ಬಾಯಲ್ಲಿ ನಡೆಸಲು ನಾವಂತೂ ಒಪ್ಪೆವು.

ಇಲ್ಲದ ಧ್ವನಿ ಕೇಳಿಸುವಂಥ ತೀವ್ರ ಮನೋರೋಗವಿದ್ದವರು ಮನೋವೈದ್ಯರನ್ನು ಕೇಳದೆ ಸಮ್ಮೋಹನಕ್ಕೆ ಕೂರಬಾರದು. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎನ್ನುವವರ ಬಾಗಿಲಿಗೆ ಮತ್ತೆ ಹೋಗಬೇಡಿ. "ಹಿಂದಿನ ಜನ್ಮ ತೋರಿಸುತ್ತೇವೆ" ಎನ್ನುವವರಿಗೆ ದುಡ್ಡು ಸುರಿಯಬೇಡಿ. ಆ ಸ್ಥಿತಿಯಲ್ಲಿ ನಡೆಯದೇ ಇದ್ದದ್ದೂ ನೆನಪೆಂದು ಕಾಣಬಹುದು, ಅದನ್ನು ನಂಬಿ ಬಂಧುಗಳ ಮೇಲೆ ಆರೋಪ ಹೊರಿಸಿದರೆ ಮನೆ ಒಡೆಯುತ್ತದೆ. ಹೆಣ್ಣುಮಕ್ಕಳು ಜೊತೆಗೊಬ್ಬರು ಇರಲಿ ಎಂದು ಕೇಳಿದರೆ ಸರಿಯಾದವರು ಬೇಡವೆನ್ನುವುದಿಲ್ಲ.

ಬೋರ್ಡು ನೋಡಿ ಮೋಸ ಹೋಗದಿರಿ. ಮನೋವೈದ್ಯರು ಎಂಬಿಬಿಎಸ್ ಮೇಲೆ ಎಂಡಿ ಅಥವಾ ಡಿಪಿಎಂ ಓದಿದವರು, ಔಷಧಿ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು, ನೋಂದಣಿ ಸಂಖ್ಯೆ ಕೇಳಿ. ಶುಲ್ಕವನ್ನೂ ಮೊದಲೇ ಕೇಳಿ.

ಹೊಸೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇದೆ. ಕಾಸರಗೋಡಿಗೆ ಮಂಗಳೂರು ಹತ್ತಿರ, ಜತ್ತಿಗೆ ವಿಜಯಪುರ, ಅಕ್ಕಲಕೋಟೆಗೆ ಕಲಬುರಗಿ, ರಾಯದುರ್ಗ ಮತ್ತು ಆದೋನಿಗೆ ಬಳ್ಳಾರಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಪ್ರಯಾಣ ಆಗದವರು ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇದೆ. ಭಾಷೆ ಆರಿಸುವಾಗ ಕನ್ನಡವೆಂದು ಹೇಳಿ. ಯಾರಾದರೂ ಸಾಯುವ ಮಾತಾಡಿದರೆ ಮುಂದಿನ ವಾರದ ಭೇಟಿಗೆ ಕಾಯದೆ ಅಂದೇ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ.

ಹೋಗುವಾಗ ಮಾತ್ರೆ ಚೀಟಿಗಳ ಜೊತೆ, ನಿಮಗೆ ಆಗುತ್ತಿರುವುದನ್ನು ಮನೆಯಲ್ಲಿ ಆಡುವ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬರೆಯಲು ಬಾರದವರು ಸಂಘಕ್ಕೆ ಬಂದರೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಡುತ್ತೇವೆ. ಅನುವಾದ ಮಾತ್ರ ಇನ್ನು ಮಾಡುವುದಿಲ್ಲ.