ಗೋಪ್ಯವೂ ಪ್ರಮಾಣವೂ: ಸೈನಿಕ ವಿಮಾನಾಪಘಾತಗಳ ವಿಚಾರಣಾವರದಿಗಳು

ರಾಜ್ಯದ ರಹಸ್ಯಗಳನ್ನು ಕಾಪಾಡುವುದು ರಾಜಧರ್ಮವೆಂಬುದರಲ್ಲಿ ಪ್ರಾಚೀನರಿಗೂ ಅರ್ವಾಚೀನರಿಗೂ ಭಿನ್ನಾಭಿಪ್ರಾಯವಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಮಂತ್ರರಕ್ಷಣೆಯ ವಿಚಾರವನ್ನು ಹೇಳಿರುವನು. ಆದರೆ ವಸ್ತುತಃ ಗೋಪ್ಯವಾದುದು ಬೇರೆ, ಗೋಪ್ಯವೆಂದು ಹೇಳಲ್ಪಟ್ಟುದು ಬೇರೆ. ಇವುಗಳ ಭೇದವನ್ನು ನಿರ್ಣಯಿಸತಕ್ಕವರು ಯಾರೆಂಬುದೇ ಕಠಿನವಾದ ಪ್ರಶ್ನೆ. ಸೈನಿಕ ವಿಮಾನಾಪಘಾತಗಳ ಚರಿತ್ರೆಯಲ್ಲಿ ಈ ಪ್ರಶ್ನೆಯು ಅತ್ಯಂತ ಸ್ಫುಟವಾಗಿ ಕಾಣುವುದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ರೆನಾಲ್ಡ್ಸ್ ವ್ಯವಹಾರದಲ್ಲಿ.

೧೯೪೮ನೆಯ ಇಸವಿ ಅಕ್ಟೋಬರ್ ೬ನೆಯ ದಿನ ಜಾರ್ಜಿಯಾ ಸಂಸ್ಥಾನದ ರಾಬಿನ್ಸ್ ವಿಮಾನನೆಲೆಯಿಂದ ಬಿ-೨೯ ಎಂಬ ಜಾತಿಯ ನಾಲ್ಕು ಎಂಜಿನ್ನುಗಳ ಬೃಹದ್ವಿಮಾನವೊಂದು ಗುಪ್ತವಾದ ವಿದ್ಯುದುಪಕರಣಗಳ ಪರೀಕ್ಷೆಗಾಗಿ ಮೇಲೇರಿತು. ಅದರಲ್ಲಿ ೯ ಮಂದಿ ಸೈನಿಕರೂ, ವೀಕ್ಷಣಾರ್ಥವಾಗಿ ಬಂದಿದ್ದ ೪ ಮಂದಿ ಸೈನಿಕೇತರರೂ ಇದ್ದರು. ಮಧ್ಯಾಕಾಶದಲ್ಲಿ ಒಂದು ಎಂಜಿನ್ನಿಗೆ ಬೆಂಕಿ ಹತ್ತಿತು. ವಿಮಾನವು ಚಾಲಕರ ವಶತಪ್ಪಿ ವೇಕ್ರಾಸ್ ಪಟ್ಟಣದ ಬಳಿ ನೆಲಕ್ಕೆ ಬಿದ್ದಿತು. ೬ ಮಂದಿ ಸೈನಿಕರೂ ೩ ಮಂದಿ ವೀಕ್ಷಕರೂ ಮಡಿದರು.

ಈ ಜಾತಿಯ ವಿಮಾನಕ್ಕೆ ಅಗ್ನಿಭಯವು ಹುಟ್ಟಿನಿಂದಲೇ ಬಂದ ದೋಷ. ಯುದ್ಧದ ತ್ವರೆಯಲ್ಲಿ ರಚಿತವಾದ, ೧೮ ಸಿಲಿಂಡರುಗಳ ಅದರ ಎಂಜಿನ್ನು ಅತಿಯಾಗಿ ಕಾಯುತ್ತಿದ್ದಿತು. ೧೯೪೩ನೆಯ ಫೆಬ್ರವರಿ ೧೮ರಂದು ಸಿಯಾಟಲ್ ನಗರದಲ್ಲಿ ಇದರ ಮಾದರಿ ವಿಮಾನವೊಂದು ಎಂಜಿನ್ನಿನ ಬೆಂಕಿಯಿಂದಲೇ ಬಿದ್ದು, ಒಳಗಿದ್ದ ೧೧ ಮಂದಿಯೂ ಸತ್ತಿದ್ದರು. ಎಂಜಿನ್ನು ಹೊತ್ತಿಕೊಂಡಾಗ ಚಾಲಕರು ಮಾಡತಕ್ಕುದು ಇಷ್ಟು: ಕೆಟ್ಟ ಎಂಜಿನ್ನು ಯಾವುದೆಂದು ತಪ್ಪಿಲ್ಲದೆ ಗುರುತಿಸಿ, ಅದಕ್ಕೆ ಹರಿಯುವ ಇಂಧನವನ್ನು ತಡೆದು, ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚಾಗುವಂತೆ ತಿರುಗಿಸಿ ನಿಲ್ಲಿಸಿ, ಬೆಂಕಿಯನ್ನು ಆರಿಸಬೇಕು. ಕಾರ್ಯವು ಸಣ್ಣದು, ಕಾಲವು ಅತ್ಯಲ್ಪ. ಆ ಕ್ಷಣಗಳಲ್ಲಿ ಯಾವ ಕೈ ಯಾವ ಗುಂಡಿಯನ್ನು ಒತ್ತಿತೆಂಬುದನ್ನು ಬದುಕಿ ಉಳಿದವರೇ ಹೇಳಬೇಕು. ಅಪಘಾತವಿಚಾರಣೆಗೆ ಗೋಪ್ಯತೆಯು ಬೇಕೆಂಬ ವಾದದ ಬೀಜವು ಇಲ್ಲಿರುವುದು.

ಮಡಿದ ಮೂವರು ವೀಕ್ಷಕರ ವಿಧವೆಯರು ಸರ್ಕಾರದ ಮೇಲೆ ದಾವೆ ಹೂಡಿ, ವಾಯುಸೇನೆಯ ವಿಚಾರಣಾವರದಿಯನ್ನು ತೋರಿಸಬೇಕೆಂದು ಕೇಳಿದರು. ಸಾಕ್ಷಿಗಳು ಅಂಜದೆ ನಿಜವನ್ನಾಡಲು ವರದಿಯು ಗುಪ್ತವಾಗಿರಬೇಕೆಂದು ಸರ್ಕಾರವು ಮೊದಲು ಹೇಳಿತು. ತರುವಾಯ ಅದನ್ನು ಹೊರಗೆಡಹಿದರೆ ದೇಶರಕ್ಷಣೆಗೆ ಹಾನಿಯೆಂದಿತು. ಜಿಲ್ಲಾ ನ್ಯಾಯಾಧಿಪತಿ ಕರ್ಕ್‌ಪ್ಯಾಟ್ರಿಕ್ ಎಂಬವರು ಏಕಾಂತದಲ್ಲಿ ತಾವೊಬ್ಬರೇ ನೋಡುವುದಕ್ಕಾದರೂ ಕೊಡಿರೆಂದರು, ಸರ್ಕಾರವು ಕೊಡಲಿಲ್ಲ. ಆಗ ಅವರು ಅಜಾಗರೂಕತೆಯು ಸಿದ್ಧವಾದಂತೆಯೇ ಭಾವಿಸಿ, ಮೂವರಿಗೂ ಕೂಡಿ ೨,೨೫,೦೦೦ ಡಾಲರುಗಳ ಪರಿಹಾರವನ್ನು ವಿಧಿಸಿದರು. ೧೯೫೧ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಇಂತಹ ಹಕ್ಕನ್ನು ಒಪ್ಪಿದಲ್ಲಿ, ಅಧಿಕಾರಿಗಳಿಗೆ ಮುಜುಗರವಾಗುವ ಕಾಗದಗಳನ್ನೆಲ್ಲ ಬಚ್ಚಿಡುವುದಕ್ಕೆ ಇನ್ನೊಂದು ಹೆಜ್ಜೆ ಮಾತ್ರ ಉಳಿಯುವುದೆಂದು ನ್ಯಾಯಾಧಿಪತಿ ಮ್ಯಾರಿಸ್ ಎಚ್ಚರಿಸಿದರು.

ಆದರೆ ೧೯೫೩ನೆಯ ಮಾರ್ಚ್ ೯ರಂದು ಸರ್ವೋಚ್ಚ ನ್ಯಾಯಾಲಯವು ೬ ಮಂದಿಯ ಬಹುಮತದಿಂದ, ೩ ಮಂದಿ ಒಪ್ಪದೆ ಇರಲು, ಈ ತೀರ್ಪನ್ನು ತಳ್ಳಿಹಾಕಿತು. ಸೈನಿಕ ರಹಸ್ಯವು ಬಯಲಾಗುವ ಸಂಭವವು ಯುಕ್ತಿಯುಕ್ತವಾಗಿ ತೋರಿದಲ್ಲಿ, ನ್ಯಾಯಾಧಿಪತಿಯು ಏಕಾಂತದಲ್ಲಿಯೂ ಆ ಪತ್ರವನ್ನು ನೋಡಬೇಕೆಂದು ಹಟಹಿಡಿಯಬಾರದೆಂಬುದು ಮುಖ್ಯ ನ್ಯಾಯಾಧಿಪತಿ ವಿನ್ಸನ್ನರ ಮತ. ಬದುಕಿದ್ದ ಮೂವರು ಸೈನಿಕರನ್ನು ಪ್ರಶ್ನಿಸುವ ಮಾರ್ಗವು ಅವರಿಗೆ ತೆರೆದೇ ಇದ್ದಿತೆಂದೂ ಹೇಳಲಾಯಿತು. ವಿಧವೆಯರು ೧,೭೦,೦೦೦ ಡಾಲರುಗಳಿಗೆ ರಾಜಿಯಾದರು. ಈ ನಿರ್ಣಯವನ್ನು ಬರೆದವರಾರೂ ವರದಿಯನ್ನು ಕಣ್ಣಿನಿಂದ ಕಂಡಿರಲಿಲ್ಲ.

೧೯೯೦ರ ದಶಕದಲ್ಲಿ ಆ ಕಾಗದಗಳ ಗೋಪ್ಯತೆಯು ತೆಗೆಯಲ್ಪಟ್ಟಿತು. ತಂದೆಯು ಮಡಿದಾಗ ೭ ವಾರಗಳ ಶಿಶುವಾಗಿದ್ದ ಮಗಳೊಬ್ಬಳಿಗೆ ೨೦೦೦ನೆಯ ಇಸವಿಯಲ್ಲಿ ಅವು ದೊರೆತುವು. ಯಾವ ಗುಪ್ತೋಪಕರಣದ ನಿಮಿತ್ತ ಇಷ್ಟು ವಿವಾದವಾಯಿತೋ ಅದರ ರಚನೆಯ ವಿವರಣೆಯು ವರದಿಯಲ್ಲಿರಲಿಲ್ಲ. ಎಂಜಿನ್ನಿನ ಹೊಗೆಕೊಳವೆಗಳಿಗೆ ಶಾಖತಡೆಗಳನ್ನು ಹೊಂದಿಸಬೇಕೆಂಬ ತಾಂತ್ರಿಕ ಆಜ್ಞೆಗಳನ್ನು ಪಾಲಿಸದಿದ್ದುದರಿಂದ ಆ ವಿಮಾನವು ಹಾರಾಟಕ್ಕೆ ಕ್ಷೇಮಕರವಾಗಿರಲಿಲ್ಲವೆಂಬ ಮಾತು ಅಲ್ಲಿದ್ದಿತು.

ಇಲ್ಲಿ ಪೂರ್ವಪಕ್ಷವನ್ನೂ ಹೇಳಬೇಕು. ವಾರಸುದಾರರು ಮತ್ತೆ ನ್ಯಾಯಾಲಯಕ್ಕೆ ಹೋದಾಗ, ೧೯೪೮ರ ಕಾಲದಲ್ಲಿ ಆ ವಿಮಾನದ ಯಂತ್ರವಿವರಗಳೂ ಶತ್ರುವಿಗೆ ಉಪಯುಕ್ತವೆಂಬ ಶಂಕೆಯು ಅಸಂಭಾವ್ಯವಲ್ಲ, ಆದುದರಿಂದ ವಂಚನೆಯು ಸಿದ್ಧವಾಗಲಿಲ್ಲವೆಂದು ೨೦೦೫ರಲ್ಲಿ ತೀರ್ಪಾಯಿತು. ವಂಚನೆಯನ್ನು ಆರೋಪಿಸದೆ ಬಿಟ್ಟರೂ ಮೂಲದೋಷವು ಹೋಗುವುದಿಲ್ಲ. ನೈಯಾಯಿಕರ ಪ್ರಕಾರ ಆಪ್ತನ ವಾಕ್ಯವೇ ಶಬ್ದಪ್ರಮಾಣ. ದಾವೆಯ ಫಲದಲ್ಲಿ ಸ್ವಾರ್ಥವುಳ್ಳ ಪ್ರತಿವಾದಿಯನ್ನೇ ಆಪ್ತನೆಂದು ಗಣಿಸಿ, ಸನ್ನಿಹಿತವಾಗಿದ್ದ ಪ್ರತ್ಯಕ್ಷವನ್ನು ತೊರೆದುದು ಆ ನಿರ್ಣಯದ ದೌರ್ಬಲ್ಯ. ವಿನ್ಸನ್ನರು ಉದಾಹರಿಸಿದ ಆಂಗ್ಲ ತೀರ್ಪೂ ಇದೇ ಜಾತಿಯದು: ೧೯೩೯ರಲ್ಲಿ ೯೯ ಮಂದಿಯೊಡನೆ ಮುಳುಗಿದ ಥೀಟಿಸ್ ಎಂಬ ಜಲಾಂತರ್ಗಾಮಿಯ ವಿಷಯದಲ್ಲಿ ಮಂತ್ರಿಯ ಮಾತೇ ಅಂತಿಮವೆಂದು ೧೯೪೨ರಲ್ಲಿ ವಿಧಿಸಲಾಗಿದ್ದಿತು. ಆಂಗ್ಲರು ೧೯೬೮ರಲ್ಲಿ ಆ ತತ್ತ್ವವನ್ನು ಕೈಬಿಟ್ಟು, ಪತ್ರವನ್ನು ನೋಡುವ ಅಧಿಕಾರವು ನ್ಯಾಯಾಧಿಪತಿಗೆ ಉಂಟೆಂದರು.

ಹಾಗೆಂದು ಸಕಲ ಗೋಪ್ಯತೆಯೂ ದೋಷಾಚ್ಛಾದನವೆನ್ನಲಾಗದು. ಸಾಕ್ಷಿರಕ್ಷಣೆಯ ವಾದಕ್ಕೆ ಸರಿಯಾದ ಮೇರೆಯನ್ನು ಗೊತ್ತುಮಾಡಿದುದು ೧೯೬೩ರ ಮೇಚಿನ್ ವ್ಯವಹಾರ. ಗುಪ್ತವಾಗಿಡುವೆವೆಂಬ ವಚನವನ್ನು ನಂಬಿ ಕೊಟ್ಟ ಹೇಳಿಕೆಗಳು ರಕ್ಷ್ಯಗಳು. ಮುರಿದ ವಿಮಾನವನ್ನು ಪರೀಕ್ಷಿಸಿದ ಯಂತ್ರಜ್ಞರು ಕಂಡ ಸಂಗತಿಗಳು ಪ್ರಕಾಶ್ಯಗಳು. ೧೯೭೩ರಲ್ಲಿ ಎಫ್-೧೦೬ ಜಾತಿಯ ವಿಮಾನವೊಂದರ ಎಂಜಿನ್ನು ಆಕಾಶದಲ್ಲಿಯೇ ಕೆಟ್ಟು, ಹೊರಕ್ಕೆ ಚಿಮ್ಮಿದ ಚಾಲಕನು ತೀವ್ರವಾಗಿ ಗಾಯಗೊಂಡನು. ಆಗ ಎರಡು ವಿಚಾರಣೆಗಳಾದುವು: ಒಂದು ದಾವೆಗಳಿಗೆ ಉಪಯೋಗಿಸತಕ್ಕುದು, ಸಾಕ್ಷಿಗಳು ಪ್ರಮಾಣಮಾಡಿ ನುಡಿಯತಕ್ಕುದು, ಇನ್ನೊಂದು ಮುಂದಿನ ಅಪಘಾತಗಳನ್ನು ತಡೆಯುವುದಕ್ಕಾಗಿ ಮಾತ್ರ ನಡೆಯತಕ್ಕುದು. ಎರಡನೆಯದರಲ್ಲಿ ಚಾಲಕನೂ ಅವನ ಪ್ಯಾರಾಶೂಟನ್ನು ಸಜ್ಜುಗೊಳಿಸಿದವನೂ ಕೊಟ್ಟ ಹೇಳಿಕೆಗಳು ಗೋಪ್ಯವೆಂದು ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಏಕಮತದಿಂದ ನಿರ್ಣಯಿಸಿತು.

ಇದರಿಂದ ಸಿದ್ಧಾಂತವು ಇಂತು ನಿಷ್ಪನ್ನವಾಗುವುದು. ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಚಾಲಕನ ಮಾತನ್ನು ಮುಚ್ಚುವುದು ಇನ್ನೊಬ್ಬ ಚಾಲಕನ ಪ್ರಾಣವನ್ನು ಉಳಿಸುವ ಉಪಾಯ. ಹೊಂದಿಸದೆ ಬಿಟ್ಟ ತಗಡನ್ನು ಮುಚ್ಚುವುದು ಹಾಗಲ್ಲ. ಅದರಿಂದ ಗಂಡಂದಿರನ್ನು ಕಳೆದುಕೊಂಡವರಿಗೆ ಕಾರಣವೂ ತಿಳಿಯದೆ ಹೋಗುವುದು. ಇವೆರಡೂ ಒಂದೇ ಮುದ್ರೆಯ ಕೆಳಗೆ ಇರುವಾಗ, ಮುದ್ರೆಯನ್ನು ಒತ್ತಿದವನಲ್ಲದ ಮೂರನೆಯವನೊಬ್ಬನು ಒಳಗೆ ನೋಡಲೇಬೇಕು. ಕರ್ಕ್‌ಪ್ಯಾಟ್ರಿಕ್ ಕೇಳಿದುದು ಇಷ್ಟನ್ನೇ.