ಚೆಪಾಕಿನ ಬಾಗಿಲಲ್ಲಿ ನಿಂತ ಪಂಚೆ

2014ರ ಜುಲೈ 11, ಶುಕ್ರವಾರ ಸಂಜೆ. ಚೆನ್ನೈನ ಚೆಪಾಕಿನಲ್ಲಿರುವ ತಮಿಳುನಾಡು ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ಪುಸ್ತಕ ಬಿಡುಗಡೆಯ ಸಮಾರಂಭವಿತ್ತು. ಬರೆದವರು ನಿವೃತ್ತ ನ್ಯಾಯಮೂರ್ತಿ, ಬಂದವರಲ್ಲಿ ಬಹಳಷ್ಟು ಮಂದಿ ಕೋರ್ಟಿನವರೇ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂದಾಮನ್ ಕರೆದಿದ್ದಾರೆಂದು ಹೋದರು. ಬಿಳಿ ಅಂಗಿ, ಬಿಳಿ ಪಂಚೆ. ಬಾಗಿಲಲ್ಲೇ ಅವರನ್ನು ತಡೆದರು. ಪಂಚೆ ಉಟ್ಟವರಿಗೆ ಒಳಗೆ ಪ್ರವೇಶವಿಲ್ಲ, ಕ್ಲಬ್ಬಿನ ನಿಯಮ. ಹೈಕೋರ್ಟಿನ ನ್ಯಾಯಮೂರ್ತಿ ಬಂದ ದಾರಿಯಲ್ಲೇ ಹಿಂದಿರುಗಿದರು. ಪಂಚೆಯಲ್ಲೇ ಬಂದಿದ್ದ ಹಿರಿಯ ವಕೀಲರಿಗೂ ಅದೇ ಗತಿಯಾಯಿತು.

ಮರುದಿನದಿಂದ ತಮಿಳುನಾಡಿನಲ್ಲಿ ಗದ್ದಲವೆದ್ದಿತು. ಏಳದೆ ಇರುತ್ತದೆಯೇ? ಮುಖ್ಯಮಂತ್ರಿಗಳು, ಮಂತ್ರಿಗಳು, ಮದುವೆಯ ಗಂಡು, ತರಕಾರಿ ಮಾರುವವನು, ಎಲ್ಲರೂ ಉಡುವ ಬಟ್ಟೆ ಅದು. ತಮಿಳರು ವೇಷ್ಟಿ ಎನ್ನುತ್ತಾರೆ, ನಾವು ಪಂಚೆ ಎನ್ನುತ್ತೇವೆ. ವಿಧಾನಸಭೆಯಲ್ಲಿ ಕೂತು ಕಾನೂನು ಮಾಡಲು ಸಲ್ಲುವ ಬಟ್ಟೆ, ಕ್ಲಬ್ಬಿನಲ್ಲಿ ಕೂತು ಕಾಫಿ ಕುಡಿಯಲು ಸಲ್ಲುವುದಿಲ್ಲ ಎಂದರೆ ಏನರ್ಥ?

ಅರ್ಥ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು. ಮದ್ರಾಸ್ ಕ್ಲಬ್ ಶುರುವಾದದ್ದು 1832ರಲ್ಲಿ, ಬಿಳಿಯ ಗಂಡಸರಿಗಾಗಿ. ಭಾರತೀಯರಿಗೆ ಅಲ್ಲಿ ಕೆಲಸವಿತ್ತು, ಸದಸ್ಯತ್ವವಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆ ಬಾಗಿಲು ತೆರೆಯಲು ವರ್ಷಗಳೇ ಹಿಡಿದವು. ಹೀಗಾಗಿ ನಗರದ ಭಾರತೀಯ ಗಣ್ಯರು 1873ರಲ್ಲಿ ಕಾಸ್ಮೊಪಾಲಿಟನ್ ಕ್ಲಬ್ ಕಟ್ಟಿಕೊಂಡರು. ಇಂಥ ಕ್ಲಬ್ಬುಗಳ ವಸ್ತ್ರನಿಯಮದಲ್ಲಿ ಕಾಲರಿನ ಅಂಗಿ, ಶರಾಯಿ, ಬೂಟು ಇದ್ದದ್ದು ಬರಿಯ ಶಿಸ್ತಿಗಾಗಿಯಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಹೆಸರು ಕೇಳದೆಯೇ ಗುರುತಿಸಲು ಅದೊಂದು ಸುಲಭ ಉಪಾಯ. ಬಿಳಿಯರು ಹೋದರು, ಕುರ್ಚಿಗಳಲ್ಲಿ ನಮ್ಮವರೇ ಕೂತರು, ಉಪಾಯ ಮಾತ್ರ ಬಾಗಿಲಲ್ಲಿ ಉಳಿಯಿತು.

ಈ ನಡುವೆ ಅದೇ ಪಂಚೆ ಎಲ್ಲೆಲ್ಲಿ ಓಡಾಡಿ ಬಂದಿತ್ತು ನೋಡಿ. 1921ರ ಸೆಪ್ಟೆಂಬರ್ 22ರಂದು ಗಾಂಧೀಜಿ ಅಂಗಿ, ಟೋಪಿ ಬಿಟ್ಟು ಮೊಣಕಾಲ ಮೇಲಿನ ತುಂಡು ಬಟ್ಟೆಗೆ ಇಳಿದದ್ದು ಮದ್ರಾಸ್ ಪ್ರಾಂತ್ಯದ ಮದುರೆಯಲ್ಲಿ. ಖಾದಿ ಕೊಳ್ಳಲು ಕಾಸಿಲ್ಲದ ಬಡವರು ಏನು ಉಡಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಹತ್ತು ವರ್ಷದ ಮೇಲೆ ಅದೇ ಉಡುಪಿನಲ್ಲಿ ಲಂಡನ್ನಿನ ಅರಮನೆಗೂ ಹೋಗಿಬಂದರು. ಇನ್ನು ರಾಜಾಜಿ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಈ ವಕೀಲರು 1948ರಲ್ಲಿ ಗವರ್ನರ್ ಜನರಲ್ ಆದಾಗ, ವೈಸರಾಯರು ಇದ್ದ ಮನೆಯೊಳಗೆ ಪಂಚೆಯಲ್ಲೇ ಓಡಾಡಿದರು. ದೆಹಲಿಯ ಆ ದೊಡ್ಡ ಮನೆಗೆ ಒಗ್ಗಿದ ಬಟ್ಟೆ, ಅರವತ್ತಾರು ವರ್ಷದ ಮೇಲೆ ಚೆಪಾಕಿನ ಒಂದು ಕ್ಲಬ್ಬಿಗೆ ಒಗ್ಗಲಿಲ್ಲ.

2014ರ ವರ್ಷವೇ ಪಂಚೆಯ ವರ್ಷ ಎನ್ನಬೇಕು. ಜನವರಿಯಲ್ಲಿ, ಪೊಂಗಲ್ ಹತ್ತಿರವಿದ್ದಾಗ, ಸರ್ಕಾರಿ ಕೈಮಗ್ಗದ ಸಹಕಾರ ಸಂಸ್ಥೆ ಕೋ-ಆಪ್ಟೆಕ್ಸ್ 'ವೇಷ್ಟಿ ದಿನ'ಕ್ಕೆ ಕರೆ ಕೊಟ್ಟಿತ್ತು. ಆಗ ಅದರ ಮುಖ್ಯಸ್ಥರಾಗಿದ್ದವರು ಐಎಎಸ್ ಅಧಿಕಾರಿ ಯು. ಸಹಾಯಂ. ಕಾಲೇಜು ಹುಡುಗರು, ಕಚೇರಿಯವರು ಖುಷಿಯಿಂದ ಉಟ್ಟು ಫೋಟೊ ತೆಗೆಸಿಕೊಂಡರು. ಹಿಂದೆ ಅಭಿಮಾನವಿತ್ತು, ಮುಂದೆ ನೇಕಾರನ ಹೊಟ್ಟೆಯ ಪ್ರಶ್ನೆಯಿತ್ತು. ಸೊಂಟದಲ್ಲಿ ನಿಲ್ಲುವುದಿಲ್ಲವೆಂದು ಹೆದರುವವರಿಗೆ ಅಂಟುಪಟ್ಟಿ ಹಚ್ಚಿದ, ಜೇಬಿರುವ ಪಂಚೆಗಳೂ ಅಂಗಡಿಗೆ ಬಂದಿದ್ದವು. ಹಳಬರು ನಕ್ಕಿರಬಹುದು. ಆದರೆ ಸಂಪ್ರದಾಯ ಉಳಿಯುವುದು ಎಷ್ಟೋ ಸಲ ಇಂಥ ಅಂಟುಪಟ್ಟಿಯಿಂದಲೇ.

ಕ್ಲಬ್ಬಿನ ಪ್ರಕರಣ ನಡೆದು ಸುಮಾರು ಒಂದು ತಿಂಗಳಿಗೆ, ಆಗಸ್ಟಿನಲ್ಲಿ, ಜಯಲಲಿತಾ ಸರ್ಕಾರ ಕಾನೂನು ತಂದಿತು. ವೇಷ್ಟಿಯನ್ನಾಗಲಿ ಭಾರತದ ಬೇರಾವುದೇ ಸಾಂಪ್ರದಾಯಿಕ ಉಡುಪನ್ನಾಗಲಿ ಧರಿಸಿ ಬಂದವರನ್ನು ಕ್ಲಬ್ಬು, ಸಂಘ, ಸಂಸ್ಥೆಗಳು ಸಾರ್ವಜನಿಕ ಸಮಾರಂಭಗಳಿಗೆ ಬರದಂತೆ ತಡೆಯುವ ಹಾಗಿಲ್ಲ. ತಡೆದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ, ಪರವಾನಗಿಗೂ ಕುತ್ತು. ಎಲ್ಲ ಪಕ್ಷಗಳವರೂ ಹೌದೆಂದರು. ತಮಿಳುನಾಡಿನಲ್ಲಿ ಅದೇನು ಸಣ್ಣ ಮಾತಲ್ಲ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ನವೆಂಬರಿನಲ್ಲಿ ಅದೇ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ ಇನ್ನೊಂದು ಆದೇಶ ಕೊಟ್ಟಿತು: 2016ರ ಜನವರಿ 1ರಿಂದ ದೇವಸ್ಥಾನಗಳಿಗೆ ಬರುವ ಗಂಡಸರು ಪಂಚೆ, ಪೈಜಾಮಾ ಅಥವಾ ಪ್ಯಾಂಟು, ಹೆಂಗಸರು ಸೀರೆ ಅಥವಾ ಚೂಡಿದಾರದಂಥ ಉಡುಪು ಧರಿಸಿರಬೇಕು, ಜೀನ್ಸ್, ಬರ್ಮುಡಾ ಸಲ್ಲದು. ಕೆಲವು ತಿಂಗಳಲ್ಲೇ ಮೇಲಿನ ಪೀಠ ಅದನ್ನು ರದ್ದು ಮಾಡಿತು. ಕ್ಲಬ್ಬಿನ ಬಾಗಿಲಲ್ಲಿ ಶರಾಯಿ ಒಳಗೆ, ಪಂಚೆ ಹೊರಗೆ. ದೇವಸ್ಥಾನದ ಬಾಗಿಲಲ್ಲಿ ಪಂಚೆ ಒಳಗೆ, ಜೀನ್ಸು ಹೊರಗೆ. ಎರಡೂ ಕಡೆ ಕಾವಲುಗಾರನ ಕೆಲಸ ಒಂದೇ.

ಚೆನ್ನೈನ ಕಾನೂನು ಕಾಪಾಡಿದ್ದು ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು. ಮಾಸಿದ ಪಂಚೆಯ ಮಾತು ಬೇರೆ, ಅದಕ್ಕೆ ಬೆಂಗಳೂರಿಗೇ ಬರಬೇಕು. 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಮಾಲಿಗೆ ಹೋದರು. ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಚರ್ಚೆಯಾಗಿ ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆ ದಿನಗಳಲ್ಲೂ ಉಡುತ್ತಿದ್ದದ್ದು ಪಂಚೆಯೇ. ಅದೇ ವರ್ಷದ ಫೆಬ್ರುವರಿಯಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ಇನ್ನೊಬ್ಬ ರೈತರನ್ನು ಬಟ್ಟೆ ಕೊಳೆಯಾಗಿದೆಯೆಂದು ಮೆಟ್ರೊ ನಿಲ್ದಾಣದಲ್ಲಿ ತಡೆದಿದ್ದರು. ಅವರ ಕೈಯಲ್ಲೂ ಟಿಕೆಟ್ ಇತ್ತು. ಜೊತೆಯ ಪ್ರಯಾಣಿಕರು ಜಗಳ ತೆಗೆದು, ವಿಡಿಯೊ ಮಾಡಿ, ಅವರನ್ನು ಒಳಗೆ ಕರೆದುಕೊಂಡು ಹೋದರು. ಆ ನಿಲ್ದಾಣವಿರುವ ಬಡಾವಣೆಯ ಹೆಸರು ರಾಜಾಜಿನಗರ.